ಊರುಗೋಲು ತಿವಿಯುತ್ತಿದ್ದ ಜಾಗ

ನಾನು ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ ನಮ್ಮ ಮನೆಯವರಿಗೆ ಏನೂ ಕೇಳಿಸುವುದಿಲ್ಲ. ತೀರಾ ಹತ್ತಿರ ಬಂದು ಕಿವಿಗೊಟ್ಟರೆ ಬೆಂಕಿಪೊಟ್ಟಣವನ್ನು ಉಗುರಿನಲ್ಲಿ ಕೆರೆದಂಥ ಸದ್ದು ಬರುತ್ತದೆ, ಅಷ್ಟೇ. ಗಿಟಾರಿನಿಂದ ಒಂದು ವೈರು ಅಂಗೈಯಗಲದ ಡಬ್ಬಿಗೆ, ಡಬ್ಬಿಯಿಂದ ಇನ್ನೊಂದು ವೈರು ಟ್ಯಾಬಿಗೆ, ಅದೇ ಡಬ್ಬಿಯಿಂದ ನನ್ನ ಕಿವಿಗೆ ಹೆಡ್‌ಫೋನು. ಒಳಗೆ ನನಗೆ ಗಣೇಶನ ಹಬ್ಬದ ಸ್ಟೇಜಿನಷ್ಟು ಗದ್ದಲ. ಹೊರಗಿನವರಿಗೆ ಕಾಣುವುದು ಮಾತ್ರ ನಡುವಯಸ್ಸು ದಾಟಿದ ಒಬ್ಬ ಗಂಡಸು ಮರದ ಹಲಗೆ ತಬ್ಬಿಕೊಂಡು ತಲೆ ಕುಣಿಸುತ್ತಿರುವ ನೋಟ. ಮೊದಲ ಸಲ ನೋಡಿದಾಗ ನನ್ನ ಹೆಂಡತಿ, "ಯಾರಾದ್ರೂ ನೋಡುದ್ರೆ ಏನಂದ್ಕೊಂಡಾರು, ಬಾಗ್ಲಾಕ್ಕೊಳಿ" ಎಂದಿದ್ದಳು.

ನಮ್ಮೂರು ಸಂತೆಬಾಚಹಳ್ಳಿಯಿಂದ ಸ್ವಲ್ಪ ಒಳಕ್ಕಿದೆ. ಊರಿನ ಹಾಲಿನ ಡೇರಿಯಲ್ಲಿ ನನ್ನ ಕೆಲಸ. ಬೆಳಿಗ್ಗೆ ಹಾಲು, ಸಂಜೆ ಹಾಲು, ನಡುವಿನ ಹಗಲು ನನ್ನದು. ಹರೆಯದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ಎಲ್ಲಿ ಗಣೇಶನನ್ನು ಕೂರಿಸಿದರೂ ನಮಗೊಂದು ಕರೆ ಬರುತ್ತಿತ್ತು. ಆಮೇಲೆ ಡಿಜೆ ಬಂತು, ಆರ್ಕೆಸ್ಟ್ರಾದವರೆಲ್ಲ ಅವರವರ ಮನೆಗೆ ಹೋದರು, ಗಿಟಾರು ಅಟ್ಟ ಸೇರಿತು. ಅದನ್ನು ಕೆಳಗಿಳಿಸಿದ್ದು ಮಗಳ ಟ್ಯಾಬು. ಕೊರೊನಾ ಕಾಲದಲ್ಲಿ ಅವಳ ಆನ್‌ಲೈನ್ ಪಾಠಕ್ಕೆಂದು ತಂದದ್ದು, ಶಾಲೆ ತೆರೆದ ಮೇಲೆ ಬೀರುವಿನಲ್ಲಿ ಬಟ್ಟೆಗಳ ನಡುವೆ ಮಲಗಿತ್ತು. ಅದರಲ್ಲಿ ಗಿಟಾರನ್ನು ಮನೆಯಲ್ಲೇ ರೆಕಾರ್ಡ್ ಮಾಡಬಹುದು ಎಂದು ನನಗೆ ಗೊತ್ತಾದ ದಿನ ನಾನು ಅನ್ನ ತಿನ್ನುವುದನ್ನೂ ಮರೆತೆ.

ಅದಕ್ಕೂ ಮುಂಚೆ ಸ್ಪೀಕರಿನ ಮುಂದೆ ಫೋನಿಟ್ಟು ರೆಕಾರ್ಡ್ ಮಾಡಲು ಹೋಗಿ ಸಾಕುಸಾಕಾಗಿತ್ತು. ನಮ್ಮ ಮನೆ ಮುಂದಿನ ದಾರಿಯಲ್ಲೇ ಕಬ್ಬಿನ ಟ್ರಾಕ್ಟರುಗಳು ಮಾಕವಳ್ಳಿ ಫ್ಯಾಕ್ಟರಿಗೆ ಹೋಗುತ್ತವೆ. ಒಂದೊಂದು ಟ್ರಾಕ್ಟರಿನಲ್ಲೂ ಎದೆ ನಡುಗಿಸುವ ಡೆಕ್ಕು. ನನ್ನ ಹಾಡಿನ ನಡುವೆ ಅವರ ಹಾಡು, ಅದರ ಮೇಲೆ ಕುಕ್ಕರಿನ ಸೀಟಿ, ಕೋಳಿ, ಎಮ್ಮೆ. ವೈರಿನ ದಾರಿ ಹಿಡಿದ ಮೇಲೆ ಆ ಕಾಟವೆಲ್ಲ ಒಂದೇ ಏಟಿಗೆ ಹೋಯಿತು. ಲೋಕ ಕೂಗಿಕೊಳ್ಳುತ್ತಿದ್ದರೂ ಟ್ಯಾಬಿನೊಳಗೆ ಹೋಗುವುದು ತಂತಿಯ ದನಿ ಒಂದೇ.

ಉಳಿದ ತೊಂದರೆ ಒಂದೇ, 'ಗುಂಯ್' ಎನ್ನುವ ಸದ್ದು. ಡಬ್ಬಿಯನ್ನು ಯಾವ ಪ್ಲಗ್ಗಿಗೆ ಹಾಕಿದರೂ ಹಾಡಿನುದ್ದಕ್ಕೂ ಜೇನುಹುಳ ಹೊಕ್ಕಂತೆ ಗುಂಯ್‌ಗುಡುತ್ತಿತ್ತು. ನಮ್ಮದು ಹಳೆಯ ಮನೆ, ಅರ್ಥಿಂಗ್ ಎಂಬುದು ಹೆಸರಿಗೂ ಇರಲಿಲ್ಲ. ಇದ್ದದ್ದು ನಮ್ಮ ದೊಡ್ಡಪ್ಪನ ಕೋಣೆಯ ಪ್ಲಗ್ಗಿಗೆ ಮಾತ್ರ. ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ ಮೇಲೆ ಗಾಳಿ ಹಾಸಿಗೆ ತಂದಿದ್ದೆವು. ಅದರ ಮೋಟರಿಗೆ ಕರೆಂಟು ಕೊಡುವಾಗ, ಮಲಗಿದ ಮುದುಕರಿಗೆ ಶಾಕ್ ಹೊಡೆದೀತು ಎಂದು ಹೆದರಿ ಕೋಣೆಯ ಹಿಂದೆ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಸರಿಯಾದ ಅರ್ಥಿಂಗ್ ಹಾಕಿಸಿದ್ದೆವು. ಹೀಗಾಗಿ ನನ್ನ ಗಿಟಾರು ಗುಂಯ್ ಎನ್ನದೆ ನುಡಿಯುತ್ತಿದ್ದದ್ದು ಆ ಕೋಣೆಯಲ್ಲಿ ಮಾತ್ರ. ನಾನು ಅಲ್ಲೇ ಒಂದು ಕುರ್ಚಿ ಹಾಕಿಕೊಂಡೆ.

ಅಪ್ಪ ತೀರಿಕೊಂಡಾಗ ನಾನಿನ್ನೂ ಚಿಕ್ಕವನು. ನನ್ನನ್ನು ಸಾಕಿ ಓದಿಸಿದವರು ದೊಡ್ಡಪ್ಪ, ದೊಡ್ಡವ್ವ. ಅವರಿಗೆ ಮಕ್ಕಳಿರಲಿಲ್ಲ, ನಾನೇ ಅವರ ಮಗ. ಆರ್ಕೆಸ್ಟ್ರಾ ಎಂದರೆ ದೊಡ್ಡಪ್ಪನಿಗೆ ಆಗುತ್ತಿರಲಿಲ್ಲ. ಈಗ ಅವರ ಮಂಚದ ಪಕ್ಕದಲ್ಲೇ ಗಿಟಾರ್ ಹಿಡಿದು ಕೂತರೆ ಏನನ್ನುತ್ತಾರೋ ಎಂದುಕೊಂಡಿದ್ದೆ. ಅವರು ಒಮ್ಮೆ ಹೆಡ್‌ಫೋನ್ ಹಾಕಿಸಿಕೊಂಡು ಕೇಳಿದರು. ಎರಡು ಗಳಿಗೆಯಲ್ಲೇ ಕಿತ್ತು ಕೈಗೆ ಕೊಟ್ಟು, "ಬಲು ಜೋರಾಗದೆ ಕಣ್ಲಾ. ಇದ್ನ ಒಳ್ಗೇ ಮಡೀಕೋ" ಎಂದರು. ಅಲ್ಲಿಗೆ ನಮ್ಮೊಳಗೆ ಒಪ್ಪಂದವಾಯಿತು. ನಾನು ಒಳಗೇ ಇಟ್ಟುಕೊಂಡು ನುಡಿಸಿದೆ, ಅವರು ನೋಡುತ್ತಾ ಮಲಗಿದರು.

ಸದ್ದಿಲ್ಲದ ಸಂಗೀತಗಾರನನ್ನು ನೋಡುವುದೆಂದರೆ ಅವನ ಮುಖ ನೋಡುವುದು, ಇನ್ನೇನಿದೆ ನೋಡಲು. ನನ್ನ ಮುಖವೋ, ತಂತಿಯನ್ನು ಮೇಲಕ್ಕೆಳೆದು ಹಿಡಿಯುವ ಜಾಗ ಬಂದರೆ ಹಿಂಡಿದ ಬಟ್ಟೆಯಂತಾಗುತ್ತದೆ. ಕಣ್ಣು ಮುಚ್ಚಿಹೋಗುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೇನೆ. ಮೊದಲ ಸಲ ಅದನ್ನು ನೋಡಿದ ದೊಡ್ಡಪ್ಪ ಗಾಬರಿಬಿದ್ದು ಕರೆದಿದ್ದಾರೆ. ಹೆಡ್‌ಫೋನಿನಲ್ಲಿ ನನಗೆ ಕೇಳಿಲ್ಲ. ಪಕ್ಕದಲ್ಲಿದ್ದ ಊರುಗೋಲು ತೆಗೆದುಕೊಂಡು ನನ್ನ ಮಂಡಿಗೆ ತಿವಿದರು. ನಾನು ಹೌಹಾರಿ ಹೆಡ್‌ಫೋನ್ ಕಿತ್ತೆ.

"ಒಟ್ಟೆ ನೋಯ್ತದೇನ್ಲಾ?" ಎಂದರು. "ತಗೋ, ನೀರ್ ಕುಡಿ."

ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ ಅವರದೊಂದು ಲೋಟ ನೀರು ಯಾವಾಗಲೂ ಇರುತ್ತಿತ್ತು. ಅದನ್ನು ನನ್ನತ್ತ ಚಾಚಿದ್ದರು. ಹೊಟ್ಟೆನೋವಲ್ಲ, ಇದು ನುಡಿಸುವ ರೀತಿ ಎಂದು ವಿವರಿಸಿದೆ. ಹ್ಞೂಂ ಎಂದರು. ಮಾರನೆಯ ದಿನ ಅದೇ ಜಾಗಕ್ಕೆ ಬಂದೆ, ಮತ್ತೆ ಮಂಡಿಗೆ ಕೋಲು, ಮತ್ತೆ ನೀರು. ಅವರಿಗೆ ನನ್ನ ವಿವರಣೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಒಪ್ಪಲಿಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ದೊಡ್ಡವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿದ್ದದ್ದೂ ಉಂಟು. ಚೆನ್ನಾಗಿ ಬರುತ್ತಿದ್ದ ಹಾಡು ಅಲ್ಲಿಗೆ ಬಂದು ನಿಂತುಹೋಗುತ್ತಿತ್ತಲ್ಲ. ಆದರೂ ನೀರು ಕುಡಿಯುತ್ತಿದ್ದೆ. ಹಾಸಿಗೆ ಹಿಡಿದ ಮನುಷ್ಯ ತನ್ನ ಪಾಲಿನ ನೀರು ಕೊಟ್ಟಾಗ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ನಾನು ರೆಕಾರ್ಡ್ ಮಾಡಬೇಕೆಂದಿದ್ದದ್ದು ಒಂದೇ ಹಾಡು. ಅದು ನನ್ನ ಗೆಳೆಯನದು. ನಾಗಮಂಗಲದವನು, ಆರ್ಕೆಸ್ಟ್ರಾದಲ್ಲಿ ನಮ್ಮ ಗಾಯಕ. ಅವರ ಮನೆಯವರದೆಲ್ಲ ತೆಂಗಿನಕಾಯಿ ವ್ಯಾಪಾರ, ಅವನು ಗೂಡ್ಸ್ ಆಟೋದಲ್ಲಿ ಕಾಯಿ ಸಾಗಿಸುತ್ತಾನೆ. ತೆಂಗಿನ ಮಂಡಿಯಲ್ಲಿ ಕಾಯಿ ಎಣಿಸುವಾಗ ಒಂದು ಎನ್ನದೆ 'ಲಾಭ' ಎಂದು ಶುರುಮಾಡಿ ಅವನು ಎಳೆಯುತ್ತಿದ್ದ ರಾಗ ಕೇಳಿಯೇ ನಮ್ಮ ಆರ್ಕೆಸ್ಟ್ರಾದ ಯಜಮಾನರು ಅವನನ್ನು ಸ್ಟೇಜಿಗೆ ಕರೆತಂದದ್ದು. ನಾವು ಎಷ್ಟು ಊರುಗಳಲ್ಲಿ ಎಷ್ಟು ಸಿನಿಮಾ ಹಾಡು ಹಾಡಿದೆವೋ. ಅವನೇ ಕಟ್ಟಿದ ಹಾಡೊಂದಿತ್ತು, ರಾಗಿ ಹೊಲದ ಬದುವಿನಲ್ಲಿ ಯಾರನ್ನೋ ಕಾಯುತ್ತಾ ನಿಂತವನ ಹಾಡು. ಅದನ್ನು ಜನ ಯಾವತ್ತೂ ಕೇಳಲಿಲ್ಲ, ನಾವು ಸ್ಟೇಜಿನಲ್ಲಿ ಹಾಡಲೂ ಇಲ್ಲ. ಟ್ಯಾಬು ಬಂದ ಮೇಲೆ ಅವನಿಗೆ ಹೇಳಿದೆ, ನಾನು ಗಿಟಾರ್ ಹಾಕಿ ಕಳಿಸುತ್ತೇನೆ, ನೀನು ಅದರ ಮೇಲೆ ಹಾಡಿ ಕಳಿಸು, ಎರಡನ್ನೂ ಇಲ್ಲಿ ಸೇರಿಸುತ್ತೇನೆ ಎಂದು. ನಿಧಾನಕ್ಕೆ ಮಾಡೋಣ ಎಂದುಕೊಂಡೆವು. ಎರಡನೇ ಚರಣದ ಕೊನೆಯಲ್ಲಿ ತಂತಿ ಎಳೆಯುವ ಜಾಗವಿದೆ. ದೊಡ್ಡಪ್ಪನ ಕೋಲು ದಾಟಿ ನಾನು ಒಂದು ಸಲವೂ ಹಾಡಿನ ಕೊನೆ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಅವನ ದನಿ ಕೂತಿತು. ಕೆಮ್ಮು ಎಂದುಕೊಂಡ, ಕಾಯಿ ಮಂಡಿಯ ಧೂಳು ಎಂದುಕೊಂಡ. ಕೊನೆಗೆ ಮೈಸೂರಿನಲ್ಲಿ ತೋರಿಸಿದಾಗ ಗಂಟಲೊಳಗೆ ಗಂಟಿದೆ, ಆಪರೇಷನ್ ಆಗಬೇಕು ಎಂದರು. ಜೀವಕ್ಕೇನೂ ಭಯವಿಲ್ಲ, ದನಿ ಮೊದಲಿನಂತೆ ಬರುತ್ತದೋ ಇಲ್ಲವೋ ಹೇಳಲಾಗದು ಎಂದೂ ಅಂದರು. ಅವನು ಫೋನಿನಲ್ಲಿ ಇದನ್ನು ಹೇಳಿದ್ದು ನಗುನಗುತ್ತಲೇ. "ಬೆಳಿಗ್ಗೆ ಹೊತ್ತು ಇನ್ನೂ ಸ್ವಲ್ಪ ದನಿ ಬರ್ತದೆ ಯಾರ್. ಆಪರೇಷನ್ನಿಗೆ ಮುಂಚೆ ಆ ಹಾಡೊಂದು ಆಗ್ಬಿಡ್ಲಿ. ನಿನ್ ಗಿಟಾರ್ ಇಲ್ದೆ ನಂಗೆ ಶ್ರುತಿ ನಿಲ್ಲಲ್ಲ, ನಿಂಗೇ ಗೊತ್ತು." ನಾಳೆಯೇ ಮಾಡಿ ಕಳಿಸುತ್ತೇನೆ ಎಂದೆ.

ಆ ನಾಳೆಯ ಬೆಳಗಿನ ಜಾವ ದೊಡ್ಡಪ್ಪ ಹೋಗಿಬಿಟ್ಟರು. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ.

ನಮ್ಮ ಹೊಲದಲ್ಲೇ ಮಣ್ಣು ಮಾಡಿ ಬಂದೆವು. ಅವರು ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿ ಪಕ್ಕದಲ್ಲಿ ಒಂದು ಲೋಟ ನೀರಿಟ್ಟರು. ತಿಥಿ ಕಳೆಯುವವರೆಗೂ ಆ ದೀಪ ಆರುವಂತಿಲ್ಲ. ಟಿವಿಯ ಮೇಲೆ ದುಪ್ಪಟಿ ಹೊದಿಸಿದರು. ಅಡುಗೆಮನೆಯಲ್ಲಿ ಒಗ್ಗರಣೆಯೂ ಇಲ್ಲ, ಸಾರು ಸಪ್ಪೆಯಾಗಿ ಕುದಿಯುತ್ತಿತ್ತು. ಸೂತಕದವರು ಇನ್ನೊಬ್ಬರ ಹೊಸ್ತಿಲು ತುಳಿಯುವಂತಿಲ್ಲವಾದ್ದರಿಂದ ಗಿಟಾರ್ ಎತ್ತಿಕೊಂಡು ಬೇರೆ ಕಡೆ ಹೋಗುವ ಮಾತೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಡಿನ ನೆನಪೇ ಇರಲಿಲ್ಲ. ದೊಡ್ಡಪ್ಪನ ಚಪ್ಪಲಿ ಬಾಗಿಲ ಬಳಿ ಕಂಡಾಗಲೆಲ್ಲ ಅಲ್ಲೇ ನಿಂತುಬಿಡುತ್ತಿದ್ದೆ. ಅವರು ಅದನ್ನು ಮೆಟ್ಟಿ ಎಷ್ಟೋ ಕಾಲವಾಗಿದ್ದರೂ ದೊಡ್ಡವ್ವ ಅಲ್ಲಿಂದ ತೆಗೆಸಿರಲಿಲ್ಲ.

ಹಾಲು-ತುಪ್ಪ ಬಿಟ್ಟ ದಿನ ಗೆಳೆಯ ಬಂದ. ಆಸ್ಪತ್ರೆಯ ಪರೀಕ್ಷೆಗಳಲ್ಲಿ ಸಿಕ್ಕಿಕೊಂಡು ಮಣ್ಣಿಗೆ ಬರಲಾಗಿರಲಿಲ್ಲ. ಆಟೋದಿಂದ ಒಂದು ಚೀಲ ಎಳನೀರು ಇಳಿಸಿ, ದೊಡ್ಡವ್ವನ ಮುಂದೆ ಚಾಪೆಯ ಮೇಲೆ ಕೂತ. ಹಾಡಿನ ವಿಷಯ ನಾನೇ ಎತ್ತಿದೆ. "ಬುಡು ಯಾರ್, ಅದೆಲ್ಲ ಆಮೇಲೆ" ಎಂದ. ಆ ದನಿ ಕೇಳಿ ದೊಡ್ಡವ್ವ ತಲೆಯೆತ್ತಿದಳು.

"ಯಾಕಪ್ಪ ದನಿ ಇಂಗಾಗದೆ?"

ನಾನು ಎಲ್ಲವನ್ನೂ ಹೇಳಿದೆ. ಆಪರೇಷನ್ ತಿಥಿಗಿಂತ ಮುಂಚೆ ಎಂಬುದನ್ನೂ, ಆಮೇಲೆ ದನಿಯ ಭರವಸೆ ಇಲ್ಲವೆಂಬುದನ್ನೂ. ದೊಡ್ಡವ್ವ ಕೋಣೆಯ ಕಡೆ ಕೈ ತೋರಿಸಿ, "ಅಂಗಾದ್ರೆ ಈಗ್ಲೇ ಬಾರ್ಸು, ಓಗು" ಎಂದಳು.

ಪಡಸಾಲೆಯಲ್ಲಿ ಕೂತಿದ್ದ ನಮ್ಮ ಚಿಕ್ಕಪ್ಪ, ದೊಡ್ಡಪ್ಪನ ತಮ್ಮ, ಎದ್ದು ಒಳಗೆ ಬಂದರು. ಮನೆಯಲ್ಲಿ ಶಾಸ್ತ್ರ ಸಂಪ್ರದಾಯ ನೋಡಿಕೊಳ್ಳುವವರು ಅವರೇ. "ದೀಪ ಉರೀತಾ ಅದೆ ಅತ್ಗೆ. ಟಿವಿ ಮುಚ್ಚಿವಿ, ಒಗ್ಗರ್ಣೆ ಸದ್ದೂ ಮಾಡ್ತಿಲ್ಲ. ದೀಪದ ಮುಂದೆ ಕುಂತು ಗಿಟಾರ್ ಬಾರ್ಸಾದಾ? ಊರವ್ರು ಏನಂದಾರು?"

"ಊರವ್ರಿಗೆ ಕೇಳುಸ್ದ್ರೆ ತಾನೆ ಅನ್ನಾದು" ಎಂದಳು ದೊಡ್ಡವ್ವ. "ನಿಮ್ಮಣ್ಣನ ಪಕ್ಕದಲ್ಲೇ ಕುಂತು ಇಷ್ಟ್ ದಿನ ಬಾರ್ಸವ್ನೆ, ಅವ್ರಿಗೇ ಕೇಳ್ಸಿಲ್ಲ. ಇನ್ನು ದೀಪಕ್ ಕೇಳ್ಸದಾ?"

"ಅಂಗಲ್ಲ ಅತ್ಗೆ..."

"ಓದೋರ್ನ ಯಾರೂ ತರಾಕಾಗಾಕಿಲ್ಲ ಕಣಪ್ಪ. ಈ ಮಗೀನ್ ದನಿ ಇನ್ನೂ ಅದೆ. ನೀನು ಬಾಗ್ಲಲ್ ಕುಂತ್ಕೋ. ನಿನ್ ಕಿವೀಗ್ ಬಿದ್ರೆ ನಿಲ್ಸು."

ಮನೆಯಲ್ಲಿ ಅತಿ ಹೆಚ್ಚು ಕಳೆದುಕೊಂಡವಳು ಅವಳು. ಬೇಡ ಎಂದಿದ್ದರೆ ಯಾರೂ ಒಂದು ಮಾತಾಡುತ್ತಿರಲಿಲ್ಲ, ನನಗೂ ತಪ್ಪೆನಿಸುತ್ತಿರಲಿಲ್ಲ. ಅವಳ ಆ ಮಾತಿಗೆ ನಾನು ಬದುಕಿರುವವರೆಗೆ ಋಣಿ. ಚಿಕ್ಕಪ್ಪನಿಗೂ ಅಷ್ಟೇ ಋಣಿ. ಮನಸ್ಸಿಲ್ಲದಿದ್ದರೂ ಅವರು ಟವೆಲ್ ಕೊಡವಿ ಹಾಸಿಕೊಂಡು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. "ಯಾರ್ನೂ ಒಳಿಕ್ ಬುಡಾಕಿಲ್ಲ, ಬೇಗ ಮುಗುಸ್ಲಾ" ಎಂದರು.

ಗಾಳಿ ಹಾಸಿಗೆಯನ್ನು ಸುತ್ತಿ ಮೂಲೆಗಿಟ್ಟಿದ್ದರು. ಬರಿಯ ಮಂಚ, ಗೋಡೆಗೆ ಒರಗಿಸಿದ ಊರುಗೋಲು, ಕೆಳಗೆ ದೀಪ, ಅದರ ಪಕ್ಕ ನೀರಿನ ಲೋಟ. ನಾನು ನನ್ನ ಕುರ್ಚಿಯಲ್ಲಿ ಕೂತೆ. ಡಬ್ಬಿಯ ಪ್ಲಗ್ಗು ಹಾಕಿದೆ, ಗುಂಯ್ ಎನ್ನಲಿಲ್ಲ. ಹೆಡ್‌ಫೋನಿನಲ್ಲಿ ತಾಳದ ಟಕ್ ಟಕ್ ಶುರುವಾಯಿತು. ಮೊದಲ ಸಲ ಬೆರಳು ತಪ್ಪಿದವು, ಅಳಿಸಿ ಮತ್ತೆ ಹಿಡಿದೆ. ಪಲ್ಲವಿ ಹೋಯಿತು, ಮೊದಲ ಚರಣ ಹೋಯಿತು. ಎರಡನೇ ಚರಣದ ಕೊನೆಗೆ ಬಂದು ತಂತಿಯನ್ನು ಮೇಲಕ್ಕೆ ಎಳೆದೆ.

ಮಂಡಿ ಕೋಲಿಗಾಗಿ ಕಾಯುತ್ತಿತ್ತು. ಅದು ನನಗೆ ಆಮೇಲೆ ಹೊಳೆದದ್ದು. ಆಗ ಗೊತ್ತಾದದ್ದು ಕೈ ನಿಂತುಹೋದದ್ದು ಮಾತ್ರ. ಟಕ್ ಟಕ್ ಒಂದೇ ನಡೆಯುತ್ತಿತ್ತು. ಕಣ್ಣು ಬಿಟ್ಟೆ, ಎದುರಿಗೆ ನೀರಿನ ಲೋಟ. ಇನ್ನು ಅದನ್ನು ಚಾಚುವವರಿಲ್ಲ ಎಂಬುದು ಮಣ್ಣು ಹಾಕಿ ಬಂದಾಗಲೂ ನನಗೆ ಅಷ್ಟು ಸರಿಯಾಗಿ ತಿಳಿದಿರಲಿಲ್ಲ. ಒಂದು ಸಾಲಿನಷ್ಟು ಹೊತ್ತು ಹಾಗೇ ಹೋಯಿತು. ಮುಂದಿನ ಪಲ್ಲವಿಗೆ ತಾಳ ಬಂದಾಗ ಕೈ ತಾನಾಗಿ ಹಿಡಿದುಕೊಂಡಿತು, ಕೊನೆಯವರೆಗೂ ನುಡಿಸಿದೆ. ಆ ಹಾಡಿನ ಕೊನೆಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಹೆಡ್‌ಫೋನ್ ತೆಗೆದಿಟ್ಟು ಅತ್ತೆ.

ಬಾಗಿಲು ಸರಿಸಿ ಚಿಕ್ಕಪ್ಪ ಇಣುಕಿದರು. "ಮುಗೀತೇನ್ಲಾ? ಸೊಳ್ಳೆ ಕೂಗ್ದಂಗಾಯ್ತು, ಅಷ್ಟೇಯ" ಎಂದರು. ನನ್ನ ಮುಖ ನೋಡಿ ದನಿ ತಗ್ಗಿಸಿ, "ಇನ್ನೊಂದ್ ಕಿತ ಬಾರ್ಸಾದಾದ್ರೆ ಬಾರ್ಸು. ನಾ ಕುಂತಿರ್ತೀನಿ" ಎಂದು ಸೇರಿಸಿದರು.

ಇನ್ನೊಂದು ಸಲಕ್ಕೆ ನನ್ನ ಕೈಲಾಗಲಿಲ್ಲ. ಅದನ್ನೇ ಗೆಳೆಯನ ಫೋನಿಗೆ ಕಳಿಸಿದೆ. ನಡುವೆ ಒಂದು ಸಾಲು ಖಾಲಿ ಇದೆ, ನೀನು ಹಾಡಿಕೊಂಡು ಹೋಗು, ತಿಥಿ ಆದ ಮೇಲೆ ಅಲ್ಲಿಗೆ ಗಿಟಾರ್ ತುಂಬಿಸುತ್ತೇನೆ ಎಂದೆ. ಅವನು ತಲೆಯಾಡಿಸಿ ಹೊರಟ.

ಮಾರನೆಯ ಬೆಳಿಗ್ಗೆ ಅವನು ಆಟೋದ ಕ್ಯಾಬಿನ್ನಿನಲ್ಲಿ ಗಾಜು ಏರಿಸಿಕೊಂಡು, ಕಾಯಿಯ ಖಾಲಿ ಗೋಣಿಚೀಲಗಳನ್ನು ಸುತ್ತ ಒಟ್ಟಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡಿದ. ಹಾಡು ಕಳಿಸಿ, ಹಿಂದೆಯೇ ಎರಡು ಮಾತು ಹೇಳಿ ಕಳಿಸಿದ. "ಖಾಲಿ ಜಾಗ ತುಂಬ್ಬೇಡ ಯಾರ್. ಅಲ್ಲಿ ನಾನೊಬ್ನೇ ಇದೀನಿ. ನನ್ ದನಿ ನಂಗೇ ಅಷ್ಟ್ ಸರಿಯಾಗಿ ಯಾವತ್ತೂ ಕೇಳಿರ್ಲಿಲ್ಲ." ಅದಾದ ಮೇಲೆ ಮೈಸೂರಿಗೆ ಹೋಗಿ ಮಲಗಿದ.

ಆಪರೇಷನ್ ಸುಸೂತ್ರವಾಗಿ ಆಯಿತು. ಗಂಟು ತೆಗೆದರು, ಕೆಟ್ಟದ್ದೇನೂ ಅಲ್ಲ ಎಂದೂ ಹೇಳಿದರು. ಆಮೇಲೆ ಮಾತಾಡಬಾರದೆಂದು ಬಾಯಿ ಕಟ್ಟಿದರು. ಅವನ ಮನೆಯವರು ಹೇಳುವಂತೆ, ಅವನು ಹುಟ್ಟಿದ ಮೇಲೆ ಆ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದು ಅದೇ ಮೊದಲು.

ತಿಥಿ ಕಳೆದು ಸ್ವಲ್ಪ ದಿನಗಳಾದ ಮೇಲೆ ಅವನು ನಮ್ಮ ಮನೆಗೆ ಬಂದ. ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ. ಮೆಲ್ಲಗೆ ಒಂದೆರಡು ಮಾತಾಡಬಹುದು ಎಂದು ಡಾಕ್ಟರು ಹೇಳಿಯಾಗಿತ್ತು. ಇವನೇ ಬಾಯಿ ಬಿಡುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ ಫೋನಿನಲ್ಲಿ ಬರೆದು ತೋರಿಸುತ್ತಿದ್ದ. ಯಾಕೋ ಎಂದು ಕೇಳಿದೆ. 'ಏನ್ ಬರ್ತದೋ ಅಂತ ಭಯ' ಎಂದು ಬರೆದ. ಎಷ್ಟೋ ಸಾವಿರ ಜನರ ಮುಂದೆ ಮೈಕು ಹಿಡಿದು ನಿಂತವನು, ನನ್ನ ಮುಂದೆ ಒಂದು ಮಾತಾಡಲು ಹೆದರಿ ಕೂತಿದ್ದ.

"ಆ ಪದ ಏನಾಯ್ತ್ಲಾ? ನಾನೂ ಒಂದ್ ಕಿತ ಕೇಳ್ತೀನಿ" ಎಂದಳು ದೊಡ್ಡವ್ವ.

ಗಿಟಾರನ್ನೂ ಅವನ ದನಿಯನ್ನೂ ನಾನು ಸೇರಿಸಿಟ್ಟಿದ್ದೆ. ಖಾಲಿ ಜಾಗವನ್ನು ಮುಟ್ಟಿರಲಿಲ್ಲ. ದೊಡ್ಡಪ್ಪನ ಕೋಣೆಯಲ್ಲಿ, ನನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಸೆರಗು ಸರಿಸಿ ಹೆಡ್‌ಫೋನ್ ಇಟ್ಟೆ. ಗೆಳೆಯ ಅವಳ ಎದುರಿಗೆ ಮಂಚದ ಅಂಚಿನಲ್ಲಿ ಕೂತ. ನಮಗಿಬ್ಬರಿಗೂ ಏನೂ ಕೇಳುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಾ ಕೂತೆವು. ದೊಡ್ಡಪ್ಪ ನನ್ನನ್ನು ನೋಡುತ್ತಿದ್ದದ್ದು ಹೀಗೇ ಇರಬೇಕು ಎನಿಸಿತು. ಅವಳು ಒಮ್ಮೆ ಹುಬ್ಬೇರಿಸಿದಳು, ಒಮ್ಮೆ ತಲೆದೂಗಿದಳು. ಟ್ಯಾಬಿನ ಮೇಲೆ ಗೆರೆ ಸರಿಯುತ್ತಿತ್ತು. ಎರಡನೇ ಚರಣದ ಕೊನೆಗೆ, ಗಿಟಾರಿನ ಪಟ್ಟಿ ಬರಿದಾಗಿ ಅವನ ದನಿಯ ಪಟ್ಟಿ ಮಾತ್ರ ಉಳಿಯುವ ಜಾಗಕ್ಕೆ ಬಂತು.

ದೊಡ್ಡವ್ವ ಗಟ್ಟಿಯಾಗಿ ಮಾತಾಡಿದಳು, ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವ ಹಾಗೆ. "ಇಲ್ಲೇ ಅಲ್ವೇನ್ಲಾ ನಿನ್ ಒಟ್ಟೆ ನೋಯ್ತಿದ್ದಿದ್ದು?"

ಹೌದೆಂದು ತಲೆಯಾಡಿಸಿದೆ. ಅವಳು ನಕ್ಕಳು, ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಒರೆಸಿಕೊಳ್ಳಲಿಲ್ಲ. ಹಾಡು ಮುಗಿಯುವವರೆಗೂ ಹಾಗೇ ಕೂತಿದ್ದು, ಹೆಡ್‌ಫೋನನ್ನು ಹುಷಾರಾಗಿ ತೆಗೆದು ನನ್ನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಲೋಟ ನೀರಿತ್ತು. ನನಗೆಂದುಕೊಂಡು ಕೈ ಚಾಚಿದೆ. ಅವಳು ನನ್ನನ್ನು ದಾಟಿಕೊಂಡು ಗೆಳೆಯನ ಮುಂದೆ ಹಿಡಿದಳು.

"ಕುಡಿಯಪ್ಪ. ಅಷ್ಟೊತ್ನಿಂದ ಪದ ಆಡ್ತಾ ಇದೀಯ, ಗಂಟ್ಲು ಒಣ್ಗಿರ್ತದೆ."

ಬಂದಾಗಿನಿಂದ ಒಂದು ಮಾತೂ ಆಡದವನು ಅವನು. ಲೋಟ ತೆಗೆದುಕೊಂಡು ಅವಳನ್ನೇ ನೋಡಿದ. ಪೂರ್ತಿ ಕುಡಿದ. ದೊಡ್ಡವ್ವ ಖಾಲಿ ಲೋಟಕ್ಕೆ ಕೈ ಚಾಚಿ, ಇನ್ನೂ ಬೇಕಾ ಎಂಬಂತೆ ನಿಂತಳು.

"ಸಾಕು ದೊಡ್ಡವ್ವ" ಎಂದ.

ಒಡಕಾಗಿತ್ತು, ಸಣ್ಣಗಿತ್ತು. ಅವನ ದನಿಯೇ. ಅದನ್ನು ಕೇಳಿ ಅವನೇ ಬೆಚ್ಚಿ ಕೊರಳು ಮುಟ್ಟಿಕೊಂಡ.

"ಇನ್ನೊಸಿ ಕುಡಿ" ಎನ್ನುತ್ತಾ ದೊಡ್ಡವ್ವ ನೀರು ತರಲು ಮತ್ತೆ ಒಳಗೆ ಹೋದಳು.